ಗೆಲ್ಲುವ ತಿಂಗಳೇ ಹೆಚ್ಚು ಕಷ್ಟ: ಪೋಕರ್ ಕಸುಬಿನ ನನ್ನ ಅನುಭವ

ಪೋಕರ್ ಆಡಿ ಸಂಸಾರ ನಡೆಸುತ್ತೇನೆ ಎಂದರೆ ಜನ ಮೊದಲು ಕೇಳುವುದು ಸೋಲಿನ ಬಗ್ಗೆ. ಒಂದೇ ರಾತ್ರಿ ಎಷ್ಟು ಹೋಗಿದೆ, ಹೋದಾಗ ನಿದ್ದೆ ಬರುತ್ತದಾ, ಮನೆಯವರು ಏನಂತಾರೆ. ಸಹಜವಾದ ಪ್ರಶ್ನೆಗಳೇ. ಆದರೆ ಇದನ್ನೇ ಕಸುಬು ಮಾಡಿಕೊಂಡು ಇಷ್ಟು ವರ್ಷ ಕಳೆದ ಮೇಲೆ ನನಗೆ ಅನ್ನಿಸಿರುವುದೇ ಬೇರೆ. ಸೋಲುವ ತಿಂಗಳನ್ನು ದಾಟುವುದನ್ನು ಕಲಿಯಬಹುದು. ನೋವಾಗುತ್ತದೆ, ಆ ನೋವೇ ನಮ್ಮನ್ನು ಎಚ್ಚರದಲ್ಲಿಡುತ್ತದೆ. ಗೆಲ್ಲುವ ತಿಂಗಳು ಹಾಗಲ್ಲ. ಅದು ಸದ್ದಿಲ್ಲದೆ ಆಟ ಕೆಡಿಸುತ್ತದೆ. ನನ್ನ ಜೊತೆ ಶುರುಮಾಡಿ ಆಮೇಲೆ ಕಸುಬು ಬಿಟ್ಟವರನ್ನು ನೆನಪಿಸಿಕೊಂಡರೆ, ಅವರಲ್ಲಿ ಬಹಳ ಮಂದಿ ಕೆಳಗಿಳಿಯಲು ಶುರುವಾದದ್ದು ಅವರ ಬದುಕಿನ ಅತಿ ದೊಡ್ಡ ಗೆಲುವಿನ ಮರುದಿನದಿಂದ.

ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ, ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಹೆಚ್ಚಾಗಿ ಆಡುವುದು ನೋ-ಲಿಮಿಟ್ ಟೆಕ್ಸಸ್ ಹೋಲ್ಡೆಮ್ ಕ್ಯಾಶ್ ಗೇಮ್, ಅಂದರೆ ಬೆಟ್‌ಗೆ ಮಿತಿಯಿಲ್ಲದೆ ನೇರ ಹಣಕ್ಕೆ ಆಡುವ ಪೋಕರ್. ಪ್ರತಿಯೊಬ್ಬರ ಕೈಗೆ ಎರಡು ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ನಡುವಿನ ಐದರಲ್ಲಿ ಮೊದಲು ಬೀಳುವ ಮೂರಕ್ಕೆ ಫ್ಲಾಪ್, ನಾಲ್ಕನೆಯದಕ್ಕೆ ಟರ್ನ್, ಕೊನೆಯದಕ್ಕೆ ರಿವರ್ ಎನ್ನುತ್ತಾರೆ. ಎಲೆ ಹಂಚಿದಲ್ಲಿಂದ ಹಣ ಯಾರದೆಂದು ತೀರ್ಮಾನವಾಗುವವರೆಗಿನ ಒಂದು ಸಲದ ಆಟವೇ ಒಂದು ಹ್ಯಾಂಡ್. ಪ್ರತಿ ಹ್ಯಾಂಡ್‌ನಲ್ಲಿ ಇಬ್ಬರು ಸರದಿಯಂತೆ ಮೊದಲೇ ಕಡ್ಡಾಯವಾಗಿ ಕಟ್ಟುವ ಹಣಕ್ಕೆ ಬ್ಲೈಂಡ್, ಅದರಲ್ಲಿ ದೊಡ್ಡದಕ್ಕೆ ಬಿಗ್ ಬ್ಲೈಂಡ್ ಎನ್ನುತ್ತಾರೆ. ಆಟಗಾರನ ಮಟ್ಟವನ್ನು ನಾವು ಅಳೆಯುವುದು ನೂರು ಹ್ಯಾಂಡ್‌ಗೆ ಎಷ್ಟು ಬಿಗ್ ಬ್ಲೈಂಡ್ ಗೆಲ್ಲುತ್ತಾನೆ ಎಂಬ ದರದಿಂದ. ಐದು ಗೆದ್ದರೆ ಒಳ್ಳೆಯ ಆಟಗಾರನೇ. ಆದರೆ ಅದೇ ನೂರು ಹ್ಯಾಂಡ್‌ನ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡಿವಿಯೇಷನ್, 90ರಿಂದ 100 ಬಿಗ್ ಬ್ಲೈಂಡ್‌ನಷ್ಟಿರುತ್ತದೆ. ಗಳಿಕೆ ಐದು, ತೂಗಾಟ ನೂರು. 10,000 ಹ್ಯಾಂಡ್ ಆಡಿದರೆ ಬರಬೇಕಾದದ್ದು 500 ಬಿಗ್ ಬ್ಲೈಂಡ್. ಅಷ್ಟು ಹೊತ್ತಿಗೆ ಏರಿಳಿತ ಅದರ ಎರಡರಷ್ಟರ ಹತ್ತಿರ ಇರುತ್ತದೆ. ಹಾಗಾಗಿ ಆ ಒಳ್ಳೆಯ ಆಟಗಾರನೂ 10,000 ಹ್ಯಾಂಡ್ ಮುಗಿಸಿದಾಗ ನಷ್ಟದಲ್ಲಿರುವ ಸಾಧ್ಯತೆ ಸುಮಾರು ಶೇ 30. ಡೀಲರ್ ಎಲೆ ಹಂಚುವ ಟೇಬಲ್‌ನಲ್ಲಿ ಗಂಟೆಗೆ ಇಪ್ಪತ್ತೈದು, ಹೆಚ್ಚೆಂದರೆ ಮೂವತ್ತು ಹ್ಯಾಂಡ್ ನಡೆಯುತ್ತವೆ. ಆ ವೇಗದಲ್ಲಿ ವಾರಕ್ಕೆ 40 ಗಂಟೆ ಕೂತರೂ 10,000 ಹ್ಯಾಂಡ್ ಮುಗಿಯಲು ಎರಡು ತಿಂಗಳು ದಾಟುತ್ತದೆ. 1,00,000 ಹ್ಯಾಂಡ್ ಆಡಿದ ಮೇಲೂ, ಅಂದರೆ ಒಂದೂವರೆ ವರ್ಷಕ್ಕೂ ಮೀರಿದ ದುಡಿಮೆಯ ಮೇಲೂ, 20ರಲ್ಲಿ ಒಂದು ಪಾಲು ನಷ್ಟದ ಸಾಧ್ಯತೆ ಉಳಿದೇ ಇರುತ್ತದೆ.

ಈ ಲೆಕ್ಕವನ್ನು ಸೋತವರು ಸಮಾಧಾನಕ್ಕೆ ಹೇಳಿಕೊಳ್ಳುವುದನ್ನು ಬಹಳ ಕೇಳಿದ್ದೇನೆ. ಅದನ್ನು ತಿರುಗಿಸಿ ನೋಡುವವರು ಕಡಿಮೆ. ಯಾವ ಮೇಲುಗೈಯೂ ಇಲ್ಲದ, ದೀರ್ಘಕಾಲದಲ್ಲಿ ಸೊನ್ನೆಯಲ್ಲೇ ನಿಲ್ಲುವ ಆಟಗಾರನೊಬ್ಬ ಅದೇ 10,000 ಹ್ಯಾಂಡ್ ಆಡಿ 500 ಬಿಗ್ ಬ್ಲೈಂಡ್ ಅಥವಾ ಅದಕ್ಕೂ ಹೆಚ್ಚು ಗೆದ್ದಿರುವ ಸಾಧ್ಯತೆಯೂ ಸುಮಾರು ಶೇ 30ರಷ್ಟೇ ಇದೆ! ಎರಡು ತಿಂಗಳು ಗೆದ್ದವನಿಗೆ ತಾನು ಒಳ್ಳೆಯ ಆಟಗಾರನೋ, ಗಾಳಿ ಬಂದ ಕಡೆ ತೂರಿಕೊಂಡವನೋ ಎಂಬುದು ಹಣ ನೋಡಿ ಗೊತ್ತಾಗುವುದಿಲ್ಲ. ಇದನ್ನು ಒಪ್ಪಿಕೊಳ್ಳುವುದು ಸೋಲನ್ನು ಒಪ್ಪಿಕೊಳ್ಳುವುದಕ್ಕಿಂತ ಕಷ್ಟ.

ಎರಡು ಹ್ಯಾಂಡ್‌ಗಳನ್ನು ಹತ್ತಿರದಿಂದ ತೋರಿಸುತ್ತೇನೆ. ಎರಡೂ ಒಂದೇ ವಾರದವು. ಮೊದಲನೆಯದು ಒಂಬತ್ತು ಜನರ ಟೇಬಲ್. ನನ್ನ ಕೈಯಲ್ಲಿ ಎರಡು ರಾಜ. ಮುಂದೆ ಕೂತವರು ರೇಸ್ ಮಾಡಿದರು, ಅಂದರೆ ಬೆಟ್ ಏರಿಸಿದರು, ನಾನು ಅದರ ಮೇಲೆ ರೇಸ್ ಮಾಡಿದೆ, ಅವರು ಮತ್ತೆ ಏರಿಸಿದರು, ನಾನು ಇದ್ದದ್ದನ್ನೆಲ್ಲ ನಡುವೆ ತಳ್ಳಿದೆ. ಇಬ್ಬರದೂ ನೂರು ನೂರು ಬಿಗ್ ಬ್ಲೈಂಡ್. ಅವರು ತಡಮಾಡದೆ ಕಾಲ್ ಮಾಡಿ, ಅಂದರೆ ಅಷ್ಟೇ ಹಣ ಇಟ್ಟು, ಎರಡು ಎಕ್ಕ ತಿರುಗಿಸಿಟ್ಟರು. ಎರಡು ಎಕ್ಕ ಕೈಗೆ ಬರುವುದು 221 ಹ್ಯಾಂಡ್‌ಗೆ ಒಮ್ಮೆ. ನಮ್ಮಲ್ಲಿ ಎರಡು ರಾಜ ಇದ್ದಾಗ ಒಂಬತ್ತು ಜನರ ಟೇಬಲ್‌ನಲ್ಲಿ ಇನ್ನೊಬ್ಬರ ಹತ್ತಿರ ಎರಡು ಎಕ್ಕ ಇರುವುದು ಸುಮಾರು 25ಕ್ಕೆ ಒಮ್ಮೆ. ಅಲ್ಲಿ ಹಣ ಒಳಗೆ ಹೋಗುವುದನ್ನು ತಪ್ಪಿಸಲು ಆಗುವುದಿಲ್ಲ, ತಪ್ಪಿಸಲೂಬಾರದು. ಆದರೆ ಎಲೆ ತೆರೆದ ಕ್ಷಣದಲ್ಲಿ ನನ್ನ ಗೆಲುವಿನ ಪಾಲು ಶೇ 18. ಫ್ಲಾಪ್‌ನ ಮೊದಲ ಎಲೆಯೇ ಕಳಾವರ್ ರಾಜ. ಪಾಟ್, ಅಂದರೆ ನಡುವೆ ಸೇರಿದ ಹಣ, ಪೂರ್ತಿ ನನ್ನ ಕಡೆ ಬಂತು. ಪಕ್ಕದಲ್ಲಿದ್ದವರು ಬೆನ್ನು ತಟ್ಟಿದರು.

ಮೂರು ದಿನ ಬಿಟ್ಟು ಇನ್ನೊಂದು. ನನ್ನ ಕೈಯಲ್ಲಿ ಎರಡು ಏಳು. ಫ್ಲಾಪ್‌ನಲ್ಲಿ ಆಟಿನ್ ರಾಜ, ಆಟಿನ್ ಏಳು, ಕಳಾವರ್ ಎರಡು. ನನಗೆ ಮೂರು ಏಳು ಆಯಿತು. ಎದುರಿನವರ ಕೈಯಲ್ಲಿ ಎರಡು ಆಟಿನ್, ಅವರು ಒಂದೇ ಜಾತಿಯ ಐದು ಎಲೆಗೆ, ಅಂದರೆ ಫ್ಲಶ್‌ಗೆ ಕಾಯುತ್ತಿದ್ದಾರೆ. ನೂರು ನೂರು ಬಿಗ್ ಬ್ಲೈಂಡ್ ಫ್ಲಾಪ್‌ನಲ್ಲೇ ಒಳಗೆ ಹೋಯಿತು. ನನ್ನ ಪಾಲು ನಾಲ್ಕರಲ್ಲಿ ಮೂರು. ಟರ್ನ್‌ನಲ್ಲಿ ಏನೂ ಆಗಲಿಲ್ಲ, ರಿವರ್‌ನಲ್ಲಿ ಆಟಿನ್ ಒಂಬತ್ತು ಬಿತ್ತು. ಪಾಟ್ ಅವರ ಕಡೆ ಹೋಯಿತು.

ನನ್ನ ಪುಸ್ತಕದಲ್ಲಿ ಈ ಎರಡಕ್ಕೂ ಎರಡೆರಡು ಅಂಕಿ ಇವೆ. ಮೊದಲನೆಯದರ ಮುಂದೆ: ಬಂದದ್ದು 100, ನನ್ನದು ಮೈನಸ್ 64. ಯಾಕೆಂದರೆ 200ರ ಪಾಟ್‌ನಲ್ಲಿ ಶೇ 18 ಎಂದರೆ 36, ನಾನು ಹಾಕಿದ್ದು 100. ಎರಡನೆಯದರ ಮುಂದೆ: ಹೋದದ್ದು 100, ನನ್ನದು ಪ್ಲಸ್ 50. ಬೆನ್ನು ತಟ್ಟಿಸಿಕೊಂಡ ಹ್ಯಾಂಡ್ ನನಗೆ ಮೈನಸ್, ಹೊಟ್ಟೆ ಉರಿದ ಹ್ಯಾಂಡ್ ಪ್ಲಸ್. ಆನ್‌ಲೈನ್‌ನಲ್ಲಿ ಆಡುವಾಗ ಟ್ರ್ಯಾಕಿಂಗ್ ಸಾಫ್ಟ್‌ವೇರ್ ಈ ಎರಡು ಅಂಕಿಗಳ ಗೆರೆಗಳನ್ನು ತಾನೇ ಎಳೆದು ತೋರಿಸುತ್ತದೆ. ಎದುರು ಕೂತು ಆಡಿದ್ದಕ್ಕೆ ನಾವೇ ಬರೆದುಕೊಳ್ಳಬೇಕು. ಇದು ಅದೃಷ್ಟದ ಪೂರ್ತಿ ಲೆಕ್ಕವಲ್ಲ ಎಂಬುದನ್ನೂ ಹೇಳಬೇಕು. ಹಣವೆಲ್ಲ ಒಳಗೆ ಹೋದ ಮೇಲಿನ ಅದೃಷ್ಟವನ್ನಷ್ಟೇ ಇದು ಹಿಡಿಯುತ್ತದೆ. ಒಳ್ಳೆಯ ಎಲೆ ಬಂದಾಗಲೆಲ್ಲ ಎದುರಿನವರಿಗೆ ಇನ್ನೂ ಒಳ್ಳೆಯದು ಬರುತ್ತಿತ್ತೇ ಎಂಬುದು ಇದರಲ್ಲಿ ಕಾಣುವುದಿಲ್ಲ. ಆದರೂ ಈ ಪುಸ್ತಕ ಇಲ್ಲದೆ ನಾನು ಈ ಕಸುಬಿನಲ್ಲಿ ಉಳಿಯುತ್ತಿರಲಿಲ್ಲ ಎಂದು ನಂಬಿದ್ದೇನೆ.

ಗೆಲುವಿನ ಓಟದಲ್ಲಿ ಆಟ ಹೇಗೆ ಕೆಡುತ್ತದೆ? ಒಂದೇ ಸಲಕ್ಕೆ ಅಲ್ಲ. ಫೋಲ್ಡ್ ಮಾಡಬೇಕಾದ, ಅಂದರೆ ಕೈಬಿಡಬೇಕಾದ ಎಲೆಯನ್ನು ಹೇಗೂ ಕೈತುಂಬ ಚಿಪ್ಸ್ (ಹಣದ ಬದಲು ಇಡುವ ಬಿಲ್ಲೆ) ಇದೆಯಲ್ಲ ಎಂದು ಇಟ್ಟುಕೊಳ್ಳುವುದು. ಪಾಟ್‌ನಲ್ಲಿ 100 ಇದೆ, ಎದುರಿನವರು 50 ಬೆಟ್ ಮಾಡಿದ್ದಾರೆ. 50 ಕೊಟ್ಟು 150ಕ್ಕೆ ಆಡುವುದಾದರೆ ನಾಲ್ಕರಲ್ಲಿ ಒಂದು ಸಲವಾದರೂ ಗೆಲ್ಲಬೇಕು. ಸೋಲುತ್ತಿರುವಾಗ ಈ ಲೆಕ್ಕವನ್ನು ನಾವು ಪ್ರತಿ ಸಲ ಮಾಡುತ್ತೇವೆ. ಗೆಲ್ಲುತ್ತಿರುವಾಗ ಇವರು ಬ್ಲಫ್ ಮಾಡ್ತಿದಾರೆ ಅನ್ನಿಸುತ್ತದೆ, ಕೈ ತಾನಾಗಿ ಚಿಪ್ಸ್ ಕಡೆ ಹೋಗುತ್ತದೆ. ಇಂಥ ಒಂದೊಂದು ಸಡಿಲ ಕಾಲ್‌ನ ಬೆಲೆ ಚಿಕ್ಕದು. ಆದರೆ ನೂರು ಹ್ಯಾಂಡ್‌ಗೆ ಐದು ಬಿಗ್ ಬ್ಲೈಂಡ್‌ನ ಮೇಲೆ ಬದುಕುವವರಿಗೆ ಚಿಕ್ಕದು ಎಂಬುದೇ ಇಲ್ಲ. ಅದರ ಮೇಲೆ ರೇಕ್ ಬೇರೆ: ಪ್ರತಿ ಪಾಟ್‌ನಿಂದ ಟೇಬಲ್ ನಡೆಸುವವರು ತೆಗೆದುಕೊಳ್ಳುವ ಪಾಲು. ಎಲ್ಲರೂ ಸಮಬಲದ ಆಟಗಾರರಾಗಿದ್ದರೆ ರೇಕ್‌ನಿಂದಾಗಿ ಎಲ್ಲರೂ ಸೋಲುತ್ತಾರೆ. ನಮ್ಮ ಮೇಲುಗೈ ಮೊದಲು ಅದನ್ನು ದಾಟಬೇಕು, ಆಮೇಲೆ ಮನೆಗೆ.

ಎರಡನೆಯ ಕೇಡು ದೊಡ್ಡ ಟೇಬಲ್‌ಗೆ ಆತುರದಿಂದ ಹೋಗುವುದು. ಅಲ್ಲಿ ಬ್ಲೈಂಡ್ ಎರಡರಷ್ಟು, ಎದುರಾಳಿಗಳೂ ಗಟ್ಟಿ, ನಮ್ಮ ಗೆಲುವಿನ ದರ ಕಡಿಮೆ. ದರ ಕಡಿಮೆಯಾದರೆ ಏರಿಳಿತದ ಕಾಟ ಹೆಚ್ಚು. ಮೂರನೆಯದು ಮನೆಯ ಖರ್ಚು ಗೆಲುವಿನ ತಿಂಗಳಿಗೆ ಹೊಂದಿಕೊಂಡುಬಿಡುವುದು, ಇದು ಎಲ್ಲಕ್ಕಿಂತ ಕೆಟ್ಟದ್ದು, ಯಾಕೆಂದರೆ ಖರ್ಚು ಏರಿದಷ್ಟು ಸುಲಭವಾಗಿ ಇಳಿಯುವುದಿಲ್ಲ.

ಇದಕ್ಕೆ ನಾನು ಮಾಡಿಕೊಂಡಿರುವ ಏರ್ಪಾಡು ಸರಳ. ಆಟದ ಹಣ ಬೇರೆ ಖಾತೆ, ಮನೆಯ ಹಣ ಬೇರೆ ಖಾತೆ. ಮನೆಯ ಖಾತೆಯಲ್ಲಿ ವರ್ಷದ ಖರ್ಚು ಇರುತ್ತದೆ. ಆಟದ ಖಾತೆಯಿಂದ ತಿಂಗಳಿಗೊಮ್ಮೆ ನನಗೆ ನಾನೇ ನಿಗದಿತ ಸಂಬಳ ಹಾಕಿಕೊಳ್ಳುತ್ತೇನೆ. ಆ ತಿಂಗಳು ಎಷ್ಟು ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಆಡುವ ಮಟ್ಟಕ್ಕೆ ಕನಿಷ್ಠ 50 ಬೈ-ಇನ್ (ಒಂದು ಸಲ ಟೇಬಲ್‌ಗೆ ಕೂರಲು ತರುವ ಹಣ), ಅಂದರೆ 5,000 ಬಿಗ್ ಬ್ಲೈಂಡ್ ಖಾತೆಯಲ್ಲಿರಬೇಕು. ಅದಕ್ಕಿಂತ ಬಹಳ ಕೆಳಗೆ ಬಂದರೆ ಒಂದು ಮಟ್ಟ ಇಳಿಯುತ್ತೇನೆ. ಮೇಲಿನ ಮಟ್ಟಕ್ಕೆ ಹೋಗಲು ಹಣ ಸೇರಿದ್ದರೆ ಸಾಲದು, ಪುಸ್ತಕದ ಎರಡನೆಯ ಅಂಕಿಯೂ ಒಪ್ಪಬೇಕು.

ಇನ್ನೊಂದು ಅಭ್ಯಾಸದ ಬಗ್ಗೆ ಒತ್ತಿ ಹೇಳಬೇಕು. ಗೆದ್ದಾಗ ಬೇಗ ಎದ್ದುಬಿಡುವುದು, ಸೋತಾಗ ಬೆಳಗಿನವರೆಗೂ ಕೂರುವುದು ಹೆಚ್ಚಿನ ಆಟಗಾರರ ರೂಢಿ. ಹಾಗೆ ಮಾಡಿದರೆ ವರ್ಷದ ಕೊನೆಗೆ ನಾವು ಆಡಿದ ಗಂಟೆಗಳಲ್ಲಿ ಬಹುಪಾಲು ದಣಿದು, ಕೆರಳಿ, ಕೆಟ್ಟದಾಗಿ ಆಡಿದ ಗಂಟೆಗಳೇ ಆಗಿರುತ್ತವೆ. ನಾನು ಏಳುವುದು ಗಡಿಯಾರ ನೋಡಿ. ಟೇಬಲ್ ಚೆನ್ನಾಗಿದ್ದು ತಲೆಯೂ ಚುರುಕಾಗಿದ್ದರೆ ಸ್ವಲ್ಪ ಹೊತ್ತು ಮುಂದುವರಿಸಬಹುದು. ಕಳೆದದ್ದನ್ನು ವಾಪಸ್ ತರಲು ಅಂತ ಒಂದು ಹ್ಯಾಂಡ್ ಕೂಡ ಹೆಚ್ಚು ಆಡುವುದಿಲ್ಲ. ಮರುದಿನ ಮಧ್ಯಾಹ್ನ ಹ್ಯಾಂಡ್‌ಗಳನ್ನು ಬಿಡಿಸಿ ನೋಡುವಾಗ ಗೆದ್ದ ಪಾಟ್‌ಗಳಿಂದ ಶುರುಮಾಡುತ್ತೇನೆ. ಸೋತ ಹ್ಯಾಂಡನ್ನು ಮನಸ್ಸು ಬೇಡವೆಂದರೂ ಹತ್ತು ಸಲ ನೋಡಿಕೊಳ್ಳುತ್ತದೆ, ಅದಕ್ಕೆ ನನ್ನ ಸಹಾಯ ಬೇಕಿಲ್ಲ.

ಇಳಿತದ ಬಗ್ಗೆ ಹೇಳದಿದ್ದರೆ ಬರಹ ಅರ್ಧವಾಗುತ್ತದೆ. ದೊಡ್ಡ ಪಾಟ್ ಕೈತಪ್ಪಿದಾಗ ನನಗೆ ಮೊದಲು ಕಿವಿ ಬಿಸಿಯಾಗುತ್ತದೆ. ಆಮೇಲೆ ಉಸಿರು ಮೇಲಿಂದ ಮೇಲೆ. ಮುಂದಿನ ಹ್ಯಾಂಡ್‌ನ ಎಲೆ ನೋಡುವ ಮೊದಲೇ ಅದನ್ನು ಆಡಬೇಕು ಅನ್ನಿಸಿರುತ್ತದೆ. ಇದನ್ನೇ ಟಿಲ್ಟ್ ಎನ್ನುವುದು. ಕೋಪ ಬಂದರಷ್ಟೇ ಟಿಲ್ಟ್ ಎಂದುಕೊಂಡವರಿದ್ದಾರೆ. ಹೆದರಿ ಮುದುಡಿ ಆಡುವುದೂ ಟಿಲ್ಟೇ, ಗೆದ್ದ ಮದದಲ್ಲಿ ಆಡುವುದೂ ಟಿಲ್ಟೇ. ಕಿವಿ ಬಿಸಿಯಾದರೆ ಬ್ಲೈಂಡ್ ಕಟ್ಟುವ ಸರದಿ ನನಗೆ ಬರುವ ಮೊದಲೇ ಎದ್ದು ಹೊರಗೆ ಹೋಗುತ್ತೇನೆ. ಒಂದು ಸುತ್ತು ತಪ್ಪಿದರೆ ಏನೂ ನಷ್ಟವಿಲ್ಲ.

ಇಷ್ಟರಿಂದ ಒಂದು ಸಂಜೆ ದಾಟಬಹುದು. ತಿಂಗಳುಗಟ್ಟಲೆ ಎಳೆಯುವ ಡೌನ್‌ಸ್ವಿಂಗ್‌ನ, ಅಂದರೆ ಸೋಲಿನ ಓಟದ ಕಷ್ಟವೇ ಬೇರೆ, ಹಣ ಹೋಗುವುದು ಅದರ ಒಂದು ಭಾಗ ಮಾತ್ರ. ಅದೃಷ್ಟ ಕೆಟ್ಟಿದೆಯೋ ನನ್ನ ಆಟವೇ ಹಳತಾಯಿತೋ ಎಂದು ತಿಳಿಯದೆ ಇರುವುದು ಇನ್ನೂ ದೊಡ್ಡ ಹಿಂಸೆ. ಈ ಅನುಮಾನಕ್ಕೆ ಕಾರಣವೂ ಇದೆ. 2017ರ ಜನವರಿಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಪ್ರೋಗ್ರಾಂ ಒಬ್ಬರಿಗೊಬ್ಬರು ಆಡುವ ನೋ-ಲಿಮಿಟ್ ಹೋಲ್ಡೆಮ್‌ನಲ್ಲಿ ನಾಲ್ವರು ವೃತ್ತಿಪರರ ಎದುರು 1,20,000 ಹ್ಯಾಂಡ್ ಆಡಿ ಸ್ಪಷ್ಟವಾಗಿ ಗೆದ್ದಿತು. 2019ರಲ್ಲಿ ಪ್ಲುರಿಬಸ್ ಎಂಬ ಇನ್ನೊಂದು ಪ್ರೋಗ್ರಾಂ ಆರು ಜನರ ಟೇಬಲ್‌ನಲ್ಲೂ ವೃತ್ತಿಪರರನ್ನು ಮೀರಿಸಿತು. ಅದೇ ಬಗೆಯ ಗಣಿತದ ಮೇಲೆ ನಿಂತ, ಯಾವ ಹ್ಯಾಂಡನ್ನು ಹೇಗೆ ಆಡಬೇಕೆಂದು ಲೆಕ್ಕಹಾಕಿ ತೋರಿಸುವ ಸಾಲ್ವರ್‌ಗಳು ಈಗ ಯಾರ ಕಂಪ್ಯೂಟರ್‌ನಲ್ಲಾದರೂ ಓಡುತ್ತವೆ. ಹಿಂದೆ ವರ್ಷಗಳ ಅನುಭವದಿಂದ ಬರುತ್ತಿದ್ದ ತಿಳಿವಳಿಕೆಯನ್ನು ಶ್ರದ್ಧೆಯಿಂದ ಕೂತ ಹುಡುಗರು ಕೆಲವೇ ತಿಂಗಳಲ್ಲಿ ಪಡೆಯುತ್ತಾರೆ. ಹಾಗಾಗಿ ಇಳಿತದ ತಿಂಗಳಲ್ಲಿ ನಾನು ಆಡುವ ಗಂಟೆ ಕಡಿಮೆ ಮಾಡಿ ಓದುವ ಗಂಟೆ ಹೆಚ್ಚಿಸುತ್ತೇನೆ. ನನಗಿಂತ ಚೆನ್ನಾಗಿ ಆಡುವ ಇಬ್ಬರಿಗೆ ನನ್ನ ಹ್ಯಾಂಡ್‌ಗಳನ್ನು, ಕೊನೆಗೆ ಯಾರು ಗೆದ್ದರು ಎಂಬುದನ್ನು ಅಳಿಸಿ ಕಳಿಸುತ್ತೇನೆ. ಫಲಿತಾಂಶ ಗೊತ್ತಿದ್ದರೆ ಯಾರೂ ನೇರವಾಗಿ ನೋಡಲಾರರು, ಗೆಳೆಯರಂತೂ ಖಂಡಿತ ನೋಡಲಾರರು.

ಟೂರ್ನಮೆಂಟ್‌ಗಳ ಬಗ್ಗೆ ಸ್ವಲ್ಪವೇ ಹೇಳುತ್ತೇನೆ, ನಾನು ಅವನ್ನು ಆಡುವುದು ಕಡಿಮೆ. ಬಂದವರಲ್ಲಿ ಸುಮಾರು ಶೇ 15 ಜನರಿಗೆ ಬಹುಮಾನ, ಅದರಲ್ಲೂ ದೊಡ್ಡ ಪಾಲು ಮೊದಲ ಕೆಲವರಿಗೆ. ನುರಿತವರೂ ಐದರಲ್ಲಿ ನಾಲ್ಕು ಸಲ ಬರಿಗೈಯಲ್ಲಿ ಏಳುತ್ತಾರೆ. ಆದರೂ ಈ ಆಟಕ್ಕೆ ಜನ ಬಂದದ್ದು ಟೂರ್ನಮೆಂಟ್‌ನಿಂದಲೇ. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ 86 ಡಾಲರ್‌ನ ಆನ್‌ಲೈನ್ ಸ್ಯಾಟಲೈಟ್ (ದೊಡ್ಡ ಟೂರ್ನಮೆಂಟ್‌ಗೆ ಪ್ರವೇಶ ಗೆಲ್ಲುವ ಸಣ್ಣ ಟೂರ್ನಮೆಂಟ್) ಗೆದ್ದು ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮೇನ್ ಇವೆಂಟ್‌ಗೆ ಹೋಗಿ 25 ಲಕ್ಷ ಡಾಲರ್ ಗೆದ್ದರು. ಆ ವರ್ಷ ಮೇನ್ ಇವೆಂಟ್‌ನಲ್ಲಿ ಕೂತವರು 839 ಜನ, 2006ರಲ್ಲಿ 8,773. ನನ್ನ ಪೀಳಿಗೆಯ ಎಷ್ಟೋ ಮಂದಿ ಬಂದದ್ದು ಆ ಕಥೆ ಕೇಳಿ. ನಾನು ಹೊಸಬರಿಗೆ ಹೇಳುವುದು ಇನ್ನೊಬ್ಬರ ಕಥೆ. ಸ್ಟು ಅಂಗರ್ ಅದೇ ಮೇನ್ ಇವೆಂಟನ್ನು 1980, 1981 ಮತ್ತು 1997ರಲ್ಲಿ, ಮೂರು ಸಲ ಗೆದ್ದವರು. 1997ರ ಪ್ರವೇಶ ಶುಲ್ಕ ಕಟ್ಟಲು ಅವರ ಕೈಯಲ್ಲಿ ಹಣವಿರಲಿಲ್ಲ, ಇನ್ನೊಬ್ಬ ಆಟಗಾರ ಬಿಲ್ಲಿ ಬ್ಯಾಕ್ಸ್ಟರ್ ಕಟ್ಟಿದರು, 10 ಲಕ್ಷ ಡಾಲರ್ ಬಹುಮಾನದಲ್ಲಿ ಅರ್ಧ ಬ್ಯಾಕ್ಸ್ಟರ್ ಪಾಲಾಯಿತು. 1998ರ ನವೆಂಬರ್‌ನಲ್ಲಿ, 45ನೇ ವಯಸ್ಸಿಗೆ, ಅಂಗರ್ ತೀರಿಕೊಂಡಾಗ ಆ ಹಣದಲ್ಲಿ ಹೇಳಿಕೊಳ್ಳುವಷ್ಟೂ ಉಳಿದಿರಲಿಲ್ಲ. ಮಾದಕ ವ್ಯಸನ ಅವರನ್ನು ತಿಂದಿತ್ತು, ಪೋಕರ್‌ನಲ್ಲಿ ಗೆದ್ದದ್ದನ್ನು ಬೇರೆ ಜೂಜುಗಳಲ್ಲಿ ಕಳೆಯುತ್ತಿದ್ದರು. ಅವರಷ್ಟು ಪ್ರತಿಭೆ ಇದ್ದವರು ಈ ಆಟದ ಚರಿತ್ರೆಯಲ್ಲೇ ವಿರಳ. ಗೆಲ್ಲುವುದು ಒಂದು ವಿದ್ಯೆ, ಗೆದ್ದದ್ದನ್ನು ಉಳಿಸಿಕೊಳ್ಳುವುದು ಪೂರ್ತಿ ಬೇರೆ ವಿದ್ಯೆ ಎಂದು ನನಗೆ ಮನದಟ್ಟಾದದ್ದು ಅವರ ಬದುಕಿನಿಂದ.

ಬೇರೆಯವರ ಹಣದಲ್ಲಿ ಆಡುವ ಸ್ಟೇಕಿಂಗ್ ಬಗ್ಗೆ ಒಂದು ಮಾತು. ಸೋತದ್ದೆಲ್ಲ ಮೇಕಪ್ ಎಂದು ಲೆಕ್ಕಕ್ಕೆ ಸೇರುತ್ತ ಹೋಗುತ್ತದೆ. ಅದು ತೀರುವವರೆಗೆ ಆಟಗಾರನಿಗೆ ಲಾಭದ ಪಾಲಿಲ್ಲ. ಗೆದ್ದರೂ ಕೈಗೇನೂ ಬಾರದ ತಿಂಗಳುಗಳು ಬರುತ್ತವೆ. ಮನೆ ನಡೆಸುವವರು ಇದನ್ನು ಯೋಚಿಸಿಯೇ ಒಪ್ಪಬೇಕು.

ಮನೆಯ ಮಾತು ಬಂತು. ಹವ್ಯಾಸಕ್ಕೆ ಆಡುವವರು ಬರುವುದು ಅವರ ಕೆಲಸ ಮುಗಿದ ಮೇಲೆ, ವಾರದ ಕೊನೆಯಲ್ಲಿ, ರಜೆಯಲ್ಲಿ. ನಮ್ಮ ದುಡಿಮೆಯ ಹೊತ್ತು ಅದೇ. ಎಲ್ಲರೂ ಸೇರುವ ಸಂಜೆಗಳಲ್ಲಿ ನಾನಿರುವುದಿಲ್ಲ. ಇದಕ್ಕೆ ಪರಿಹಾರ ನನಗೆ ಸಿಕ್ಕಿಲ್ಲ, ವಾರಕ್ಕೆ ಎರಡು ಸಂಜೆ ಎಷ್ಟೇ ಒಳ್ಳೆಯ ಟೇಬಲ್ ಇದ್ದರೂ ಹೋಗುವುದಿಲ್ಲ ಎಂದು ಗೆರೆ ಹಾಕಿಕೊಂಡಿದ್ದೇನೆ, ಅಷ್ಟೇ. ಇವತ್ತು ಎಷ್ಟಾಯಿತು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಬಾಗಿಲು ತೆಗೆದಾಗ ಬರುವ ಪ್ರಶ್ನೆ ಒಂದೇ: “ಚೆನ್ನಾಗಿ ಆಡ್ದ್ಯಾ?” ಹೌದು ಅಥವಾ ಇಲ್ಲ ಎಂದು ಹೇಳುತ್ತೇನೆ. ಸೋತ ದಿನ ಹೌದು ಎಂದದ್ದಿದೆ, ಗೆದ್ದ ದಿನ ಇಲ್ಲ ಎಂದದ್ದೂ ಇದೆ. ಅಂಕಿಗಳನ್ನು ತಿಂಗಳ ಕೊನೆಗೆ ಇಬ್ಬರೂ ಕೂತು ನೋಡುತ್ತೇವೆ. ಈ ಏರ್ಪಾಡು ನನ್ನ ಆಟಕ್ಕೆ ಮಾಡಿದಷ್ಟು ಉಪಕಾರವನ್ನು ಯಾವ ಸಾಲ್ವರ್ ಕೂಡ ಮಾಡಿಲ್ಲ.

ನನ್ನ ಗೆಲುವು ಇನ್ನೊಬ್ಬರ ಸೋಲು ಎಂಬುದು ಈ ಕಸುಬಿನಲ್ಲಿ ತಪ್ಪದ ಸತ್ಯ. ಸಂಜೆ ಕಳೆಯಲು ಬಂದವರು ಖುಷಿಗಾಗಿ ಒಂದಿಷ್ಟು ಹಣ ಇಡುತ್ತಾರೆ, ಅದರಲ್ಲಿ ನನಗೆ ಸಂಕೋಚವಿಲ್ಲ. ಆದರೆ ಮತ್ತೆ ಮತ್ತೆ ಫೋನ್ ತೆಗೆದು ಹಣ ಹೊಂದಿಸಿಕೊಂಡು ಬಂದು, ಎಲೆ ನೋಡದೆ ತಳ್ಳುತ್ತಿರುವವರ ಟೇಬಲ್‌ನಿಂದ ನಾನು ಏಳುತ್ತೇನೆ. ಅದು ನಷ್ಟದ ವ್ಯಾಪಾರ ಎಂದು ಜೊತೆಯವರು ಹೇಳುತ್ತಾರೆ. ಇರಬಹುದು. ಇದರಲ್ಲಿ ಸಾಲ ಮಾಡಿ ಆಡುವ ಯಾರಿಗೂ ಆಟ ಕಲಿಸುವುದಿಲ್ಲ, ನಿಲ್ಲಿಸಲು ಸಹಾಯ ಕೇಳಿ ಎಂದೇ ಹೇಳುತ್ತೇನೆ. ಕಾನೂನು ಒಂದೊಂದು ಕಡೆ ಒಂದೊಂದು ರೀತಿ ಇದೆ, ಅದನ್ನು ತಿಳಿಯದೆ ಕೂರಬೇಡಿ ಎಂದೂ ಹೇಳುತ್ತೇನೆ.

ಈಗ ನನಗೆ ಗೆಲುವಿನ ಓಟ ನಡೆಯುತ್ತಿದೆ. ಮೇಲಿನ ಮಟ್ಟಕ್ಕೆ ಬೇಕಾದಷ್ಟು ಹಣ ಖಾತೆಯಲ್ಲಿ ಸೇರಿದೆ, ಅಲ್ಲಿ ಆಡುವವರು ಯಾವಾಗ ಬರ್ತೀರಿ ಎಂದು ಕೇಳುತ್ತಲೂ ಇದ್ದಾರೆ. ಆದರೆ ಪುಸ್ತಕದಲ್ಲಿ ಬಂದದ್ದು ಎಂಬ ಅಂಕಿ ನನ್ನದು ಎಂಬ ಅಂಕಿಗಿಂತ ಬಹಳ ಮೇಲಿದೆ. ಟರ್ನ್‌ನಲ್ಲಿ ನಾನು ಮಾಡಿರುವ ಕಾಲ್‌ಗಳು ಎಂದಿಗಿಂತ ಹೆಚ್ಚಾಗಿ ಕಾಣುತ್ತಿವೆ. ಅವುಗಳನ್ನೆಲ್ಲ ಬೇರೆ ಮಾಡಿ ಇಟ್ಟಿದ್ದೇನೆ, ಒಂದೊಂದಾಗಿ ನೋಡಿ ಮುಗಿಯುವವರೆಗೆ ಈಗಿರುವ ಟೇಬಲ್‌ನಲ್ಲೇ ಆಡುತ್ತೇನೆ.